ಚಾವಣಿ ಕುಸಿದಾಗ ಕಂಡ ಬರಹ



ನಮ್ಮ ಚಿತ್ತಾಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಎಂಬ ಊರಿದೆ. ಚಂದ್ರಲಾಂಬಾ ದೇವಿಯ ಗುಡಿಯಿಂದ ಈ ಊರು ನಾಡಿಗೆಲ್ಲ ಪರಿಚಿತ. 1980ರ ದಶಕದಲ್ಲಿ ಅದೇ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿದು ಬಿತ್ತು. ಅಲ್ಲಿನ ವಿಗ್ರಹವೂ ಒಡೆಯಿತು. ಮಣ್ಣು ಕಲ್ಲು ತೆಗೆದು ನೋಡಿದಾಗ, ವಿಗ್ರಹಕ್ಕೆ ಪೀಠವಾಗಿ ಹಾಕಿದ್ದ ಕಲ್ಲಿನ ಮೇಲೆ ಬರಹವಿರುವುದು ಕಂಡಿತು. ಅದು ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಬರೆಸಿದವನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಮೌರ್ಯ ಚಕ್ರವರ್ತಿ ಅಶೋಕ.

ಎಷ್ಟು ತಲೆಮಾರಿನ ಜನ ಆ ಪೀಠದ ಮುಂದೆ ನಿಂತಿರಬೇಕು! ದೀಪ ಹಚ್ಚಿದವರು, ಕೈ ಮುಗಿದವರು, ಹರಕೆ ಹೊತ್ತವರು ಎಲ್ಲರೂ ಇದ್ದರು. ಆದರೆ ಬುಡದ ಕಲ್ಲು ಏನು ಹೇಳುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೇಲಿನದು ಬೀಳುವವರೆಗೆ ಕೆಳಗಿನದು ಕಾಣಲಿಲ್ಲ.

ಕಥೊಲಿಕ ಪತ್ರಿಕೆಯ ಪುಟದಲ್ಲಿ ಅಶೋಕನ ಮಾತೇಕೆ ಎಂದು ಕೆಲವರು ಕೇಳಬಹುದು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದು ಯಾವುದಿದೆಯೋ ಅದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ಕಲಿಸಿದೆ. ಅಲ್ಲದೆ ಈ ಕಲ್ಲು ದೂರದ ಊರಿನದಲ್ಲ. ನಮ್ಮ ಮಣ್ಣಿನಲ್ಲೇ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಇದ್ದು, ನಾಯಕನಾದವನು ಮೊದಲು ಎಲ್ಲಿ ನೋಡಬೇಕೆಂದು ಹೇಳುತ್ತಿರುವ ಕಲ್ಲು. ಅದನ್ನು ಕೇಳುವುದರಿಂದ ನಮಗೆ ನಷ್ಟವಿಲ್ಲ.

ನಾಯಕರು ಯಾರು?

ನಾಯಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಾಸಕರು, ಅಧ್ಯಕ್ಷರು, ದೊಡ್ಡ ಅಧಿಕಾರಿಗಳು. ಆದರೆ ನಾಲ್ಕು ಜನ ನಮ್ಮ ಮಾತಿಗೆ ಕಾಯುವ ಕಡೆಯೆಲ್ಲ ನಾವು ನಾಯಕರೇ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೂಲಿಗಳನ್ನು ಹಚ್ಚುವ ಮೇಸ್ತ್ರಿ, ವಾಡಿಯ ರೈಲು ಹಾದಿಯಲ್ಲಿ ಗ್ಯಾಂಗಿನ ಮುಂದಾಳು, ಸಿಮೆಂಟ್ ಕಾರ್ಖಾನೆಯಲ್ಲಿ ಒಂದು ಪಾಳಿಯನ್ನು ನೋಡಿಕೊಳ್ಳುವವರು, ಚಿಂಚೋಳಿಯ ತಾಂಡಾಗಳಲ್ಲಿ ನಾಯಕ ಮತ್ತು ಕಾರಭಾರಿ, ಸೇಡಂನ ಮಹಿಳಾ ಸ್ವಸಹಾಯ ಸಂಘದ ಪುಸ್ತಕ ಬರೆಯುವ ತಾಯಿ, ಶಾಲೆಯ ಶಿಕ್ಷಕಿ, ದೇವಾಲಯದ ಗಾನವೃಂದದ ಹಿರಿಯರು, ಪಾಲನಾ ಸಮಿತಿಯ ಸದಸ್ಯರು, ನಮ್ಮಂಥ ಗುರುಗಳು. ಎಲ್ಲಕ್ಕಿಂತ ಮೊದಲು ಮನೆಯ ತಂದೆ ಮತ್ತು ತಾಯಿ. ತಂದೆಯ ಚಪ್ಪಲಿಯ ಸದ್ದು ಅಂಗಳದಲ್ಲಿ ಕೇಳಿದ ಕೂಡಲೇ ಮಕ್ಕಳು ಓಡಿ ಬರುವರೋ, ಓಡಿ ಒಳಗೆ ಹೋಗುವರೋ ಎಂಬುದೇ ಆತನ ನಾಯಕತ್ವಕ್ಕೆ ಮೊದಲ ಸಾಕ್ಷಿ.

ಕಲ್ಲಿನ ಮೇಲಿನ ಏಳು ದೋಷಗಳು

ಸನ್ನತಿಯ ಆ ಕಲ್ಲಿನಲ್ಲಿ ಅಶೋಕನ 12 ಮತ್ತು 14ನೆಯ ಬಂಡೆ ಶಾಸನಗಳ ಜೊತೆಗೆ ಎರಡು ಪ್ರತ್ಯೇಕ ಶಾಸನಗಳೂ ಇವೆ. ಈ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿಯೂ ದೊರೆತಿವೆ. ನಮ್ಮ ಕಲ್ಲು ಒಡೆದು ಸವೆದಿದ್ದರೂ ಆ ಪ್ರತಿಗಳ ನೆರವಿನಿಂದ ಅದರ ಪೂರ್ಣ ಅರ್ಥ ತಿಳಿಯುತ್ತದೆ. ಎಲ್ಲ ಮನುಷ್ಯರೂ ತನ್ನ ಮಕ್ಕಳು, ತನ್ನ ಮಕ್ಕಳಿಗೆ ಬಯಸುವ ಹಿತವನ್ನೇ ಅವರಿಗೂ ಬಯಸುತ್ತೇನೆ ಎಂಬ ಅಶೋಕನ ಪ್ರಸಿದ್ಧ ಮಾತು ಇರುವುದು ಈ ಪ್ರತ್ಯೇಕ ಶಾಸನಗಳಲ್ಲಿಯೇ.

ಮೊದಲನೆಯ ಪ್ರತ್ಯೇಕ ಶಾಸನವು ನ್ಯಾಯ ತೀರಿಸುವ ಅಧಿಕಾರಿಗಳಿಗೆ ಕೊಟ್ಟ ಅಪ್ಪಣೆ. ಅಧಿಕಾರಿಗಳ ತಪ್ಪಿನಿಂದ ನಿರಪರಾಧಿಯೊಬ್ಬ ಸೆರೆಗೆ, ಹಿಂಸೆಗೆ ಗುರಿಯಾಗುತ್ತಾನೆ, ಅವನಿಂದಾಗಿ ಇನ್ನೂ ಅನೇಕರು ನೋಯುತ್ತಾರೆ ಎಂದು ಚಕ್ರವರ್ತಿ ಎಚ್ಚರಿಸುತ್ತಾನೆ. ಇದಕ್ಕೆ ಕಾರಣವೇನು? ಕಾನೂನು ತಿಳಿಯದಿರುವುದೆಂದು ಅವನು ಹೇಳುವುದಿಲ್ಲ. ಅಧಿಕಾರಿಯ ಮನಸ್ಸಿನೊಳಗಿನ ಏಳು ದೋಷಗಳನ್ನು ಎಣಿಸುತ್ತಾನೆ: ಹೊಟ್ಟೆಕಿಚ್ಚು, ಮುಂಗೋಪ, ಕಠೋರತನ, ಅವಸರ, ಹಿಡಿದ ಕೆಲಸದಲ್ಲಿ ನಿಲ್ಲದಿರುವುದು, ಸೋಮಾರಿತನ, ದಣಿವು. ಇವು ನನ್ನಲ್ಲಿ ಇರದಿರಲಿ ಎಂದು ಪ್ರತಿಯೊಬ್ಬ ಅಧಿಕಾರಿಯೂ ಬಯಸಬೇಕು ಎನ್ನುತ್ತಾನೆ. ಮುಂಗೋಪ ಮತ್ತು ಅವಸರ ಇಲ್ಲದಿರುವುದೇ ಎಲ್ಲದರ ಬೇರು ಎಂದೂ ಸೇರಿಸುತ್ತಾನೆ. ಅಷ್ಟಕ್ಕೇ ಬಿಡದೆ, ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಮಾತನ್ನು ಓದಿ ಕೇಳಿಸಬೇಕು, ನಡುವೆ ಒಬ್ಬನೇ ಇದ್ದರೂ ಅವನಿಗೂ ಓದಿ ಹೇಳಬೇಕು ಎಂದು ಕಟ್ಟು ಮಾಡುತ್ತಾನೆ. ಮನುಷ್ಯ ತನ್ನ ದೋಷವನ್ನು ಬಹಳ ಬೇಗ ಮರೆಯುತ್ತಾನೆ, ಮತ್ತೆ ಮತ್ತೆ ನೆನಪಿಸಬೇಕು ಎಂಬುದು ಅವನಿಗೆ ತಿಳಿದಿತ್ತು.

ಈ ಏಳು ದೋಷಗಳನ್ನು ಕೈಯಲ್ಲಿ ಹಿಡಿದು ನಮ್ಮ ಪವಿತ್ರ ಬೈಬಲನ್ನು ತೆರೆಯಿರಿ. ಪ್ರತಿಯೊಂದಕ್ಕೂ ಒಬ್ಬ ನಾಯಕ ಸಿಗುತ್ತಾನೆ.

ಹೊಟ್ಟೆಕಿಚ್ಚು ಅರಸ ಸೌಲನದು. ಹೆಂಗಸರು ದಾವೀದನನ್ನು ತನಗಿಂತ ಹೆಚ್ಚಾಗಿ ಹೊಗಳಿ ಹಾಡಿದ ದಿನದಿಂದ ಅವನಿಗೆ ನಿದ್ರೆ ಇಲ್ಲವಾಯಿತು (1 ಸಮುವೇಲ 18). ಮುಂಗೋಪ ಮೋಶೆಯದು. ಬಂಡೆಯೊಂದಿಗೆ ಮಾತನಾಡು ಎಂದು ದೇವರು ಹೇಳಿದರೆ, ಜನರ ಮೇಲಿನ ಸಿಟ್ಟಿನಲ್ಲಿ ಅವನು ಕೋಲಿನಿಂದ ಎರಡು ಸಲ ಹೊಡೆದ. ನೀರೇನೋ ಬಂತು, ಆದರೆ ವಾಗ್ದಾನದ ನಾಡಿಗೆ ಕಾಲಿಡುವ ಭಾಗ್ಯ ಅವನಿಗೆ ತಪ್ಪಿತು (ಸಂಖ್ಯಾಕಾಂಡ 20). ಕಠೋರತನ ರೆಹಬ್ಬಾಮನದು. ಭಾರ ಇಳಿಸಿರೆಂದು ಬೇಡಿ ಬಂದ ಜನರಿಗೆ ಇನ್ನೂ ಹೆಚ್ಚು ಹೊರಿಸುತ್ತೇನೆಂದ, ಹತ್ತು ಕುಲಗಳನ್ನು ಕಳೆದುಕೊಂಡ (1 ಅರಸುಗಳು 12). ಅವಸರ ಮತ್ತೆ ಸೌಲನದೇ. ಸಮುವೇಲನಿಗಾಗಿ ಇನ್ನು ಸ್ವಲ್ಪ ಹೊತ್ತು ಕಾಯಲಾರದೆ ಬಲಿಯನ್ನು ತಾನೇ ಅರ್ಪಿಸಿದ (1 ಸಮುವೇಲ 13). ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವನು ಯುವಕ ಮಾರ್ಕ. ಸಂತ ಪೌಲರ ಜೊತೆ ಹೊರಟು ನಡುದಾರಿಯಲ್ಲೇ ಮನೆಗೆ ಹಿಂದಿರುಗಿದ (ಪ್ರೇಷಿತರ ಕಾರ್ಯಕಲಾಪಗಳು 13). ಸೋಮಾರಿತನ ಯಾಜಕ ಏಲಿಯದು. ಮಕ್ಕಳು ದಾರಿ ತಪ್ಪಿದ್ದು ಗೊತ್ತಿದ್ದೂ ತಡೆಯಲಿಲ್ಲ (1 ಸಮುವೇಲ 3). ದಣಿವು ಪ್ರವಾದಿ ಎಲೀಯನದು. ಅವನು ಮರದ ಕೆಳಗೆ ಮಲಗಿ ಸಾವನ್ನು ಬೇಡಿದ. ದೇವರು ಅವನಿಗೆ ಬೈಗುಳ ಕಳಿಸಲಿಲ್ಲ, ರೊಟ್ಟಿ, ನೀರು ಮತ್ತು ನಿದ್ರೆಯನ್ನು ಕೊಟ್ಟರು (1 ಅರಸುಗಳು 19).

ಗಮನಿಸಿರಿ, ಇವರಲ್ಲಿ ಕೆಲವರು ಬದಲಾದರು, ಕೆಲವರು ಬದಲಾಗಲಿಲ್ಲ. ಅರ್ಧಕ್ಕೆ ಬಿಟ್ಟು ಹೋಗಿದ್ದ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎಂದು ಅದೇ ಪೌಲರು ಮುಂದೆ ಬರೆದರು (2 ತಿಮೊಥೇಯ 4). ಸೌಲನು ಮಾತ್ರ ಮತ್ತೆ ಮತ್ತೆ ದಾವೀದನನ್ನೇ ಅಟ್ಟಿಕೊಂಡು ಹೋದ. ದೋಷ ಇಬ್ಬರಲ್ಲೂ ಇತ್ತು. ತನ್ನ ದೋಷವನ್ನು ಒಬ್ಬ ತನ್ನಲ್ಲೇ ಕಂಡ, ಇನ್ನೊಬ್ಬ ಯಾವಾಗಲೂ ಬೇರೆಯವರಲ್ಲಿ ಕಂಡ.

ನನ್ನ ಬುಡದ ಕಲ್ಲು

ಇಷ್ಟು ಹೇಳಿ ನನ್ನ ಮಾತನ್ನು ಮುಚ್ಚಿಟ್ಟರೆ ಈ ಪ್ರಬೋಧನೆಗೆ ಅರ್ಥವಿಲ್ಲ. ಅನೇಕ ವರ್ಷಗಳ ಹಿಂದೆ, ರೈಲು ಹಾದಿಯ ಪಕ್ಕದ ಒಂದು ಊರಿನಲ್ಲಿ ನಾನು ಸೇವೆಯಲ್ಲಿದ್ದೆ. ಅಲ್ಲಿ ವಯಸ್ಸಾದ ಒಬ್ಬ ಉಪದೇಶಿ ಇದ್ದರು. ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರ ಮನೆಗೆ ಹೋಗುವುದು, ಹಬ್ಬದ ಲೆಕ್ಕ ಬರೆಯುವುದು ಎಲ್ಲ ಅವರದೇ ಕೆಲಸ. ಒಂದು ವರ್ಷ ಹಬ್ಬ ಮುಗಿದ ಮೇಲೆ ಪಾಲನಾ ಸಮಿತಿ ಸೇರಿತು. ಲೆಕ್ಕದಲ್ಲಿ ಎಂಟುನೂರು ರೂಪಾಯಿ ಕಡಿಮೆ ಬಂತು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಹದಿನೈದು ಜನರ ಮುಂದೆ, ಅವರ ಪಕ್ಕದಲ್ಲಿ ಮೊಮ್ಮಗ ಕುಳಿತಿರುವಾಗಲೇ, "ದುಡ್ಡಿಗೇನು ಕಾಲು ಬಂತೇ?" ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ಲೆಕ್ಕದ ಪುಸ್ತಕ ಮತ್ತು ದೇವಾಲಯದ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು, ಮೊಮ್ಮಗನ ಕೈ ಹಿಡಿದು ಹೊರಟುಹೋದರು.

ಮೂರನೆಯ ದಿನ ನನ್ನ ಪ್ರಾರ್ಥನಾ ಪುಸ್ತಕದ ಪುಟಗಳ ನಡುವೆ ಒಂದು ಚೀಟಿ ಸಿಕ್ಕಿತು. ಶಾಮಿಯಾನದವನಿಗೆ ಎಂಟುನೂರು ರೂಪಾಯಿ ಕೊಟ್ಟ ರಸೀದಿ. ಕೊಟ್ಟವನು ನಾನೇ, ಮರೆತವನೂ ನಾನೇ.

ನಾನು ಕಲಬುರಗಿಗೆ ಹೋಗಿ ಒಬ್ಬ ಹಿರಿಯ ಗುರುಗಳ ಬಳಿ ಪಾಪನಿವೇದನೆ ಮಾಡಿದೆ. ಆ ಮನುಷ್ಯನನ್ನು ಕಂಡು ಸರಿಪಡಿಸಿಕೊಳ್ಳಿ ಎಂದು ಅವರು ಹೇಳಿದ್ದರು. ನಾನು ಮಾತ್ರ ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಸಿಟ್ಟಿನ ಕೇಡಿನ ಬಗ್ಗೆ ಒಂದು ಪ್ರಬೋಧನೆ ಮಾಡಿ, ನಾವೆಲ್ಲರೂ ತಪ್ಪು ಮಾಡುವವರೇ ಎಂದು ಹೇಳಿ ಮುಗಿಸಿದೆ. ಚೆನ್ನಾಗಿತ್ತೆಂದು ಜನ ಹೊಗಳಿದರು. ಉಪದೇಶಿಯವರು ದೇವಾಲಯದ ಹೊರಗೆ, ಬೇವಿನ ಮರದ ಕೆಳಗೆ ನಿಂತು ಪೂಜೆ ಕೇಳಿ ಹೋಗುತ್ತಿದ್ದರು. ಏಳು ತಿಂಗಳು ಹೀಗೆಯೇ ನಡೆಯಿತು. ಮಕ್ಕಳ ಧರ್ಮೋಪದೇಶ ತರಗತಿ ನಿಂತಿತು. ಕಾಯಿಲೆಯವರ ಸುದ್ದಿ ನನಗೆ ತಲುಪುವುದು ನಿಂತಿತು. ಊರೆಲ್ಲ ನನ್ನೊಂದಿಗೆ ಮರ್ಯಾದೆಯಿಂದಲೇ ಇತ್ತು, ಆದರೆ ಮನಸ್ಸು ಬಿಚ್ಚಿ ಮಾತನಾಡುವವರು ಯಾರೂ ಇರಲಿಲ್ಲ.

ಒಂದು ದಿನ ಅವರ ಹೆಂಡತಿ ಬಾವಿಯ ಹತ್ತಿರ ಸಿಕ್ಕರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಆ ತಾಯಿ ಅಂದರು: "ಫಾದರ್, ನೀವು ದೇವರ ಮುಂದ ಹೇಳೀರಿ. ಮಂದಿ ಮುಂದನೂ ಹೇಳೀರಿ. ನಮ್ಮ ಮನ್ಯಾವ್ರಿಗೆ ಒಬ್ಬರಿಗೇ ಹೇಳಿಲ್ಲ ನೋಡ್ರಿ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಅಂದು ಏಕೆ ಹಾಗೆ ಕೂಗಿದೆ? ದೇವಾಲಯದ ದುಡ್ಡಿನ ಮೇಲಿನ ಕಾಳಜಿಯಿಂದ ಎಂದು ಅಲ್ಲಿಯವರೆಗೆ ನಂಬಿದ್ದೆ. ಪರಮಪ್ರಸಾದದ ಮುಂದೆ ಕುಳಿತು ಕೆದಕಿದಾಗ ಬೇರೆಯೇ ಕಂಡಿತು. ನನ್ನ ಸ್ವಂತ ಲೆಕ್ಕಗಳು ಅಚ್ಚುಕಟ್ಟಾಗಿರಲಿಲ್ಲ. ಯಾರಾದರೂ ಕೇಳಿಯಾರೆಂಬ ಅಂಜಿಕೆ ನನ್ನೊಳಗೆ ಇತ್ತು. ಬೇರೆಯವರು ನನ್ನನ್ನು ಕೇಳುವ ಮೊದಲು ನಾನು ಇನ್ನೊಬ್ಬರನ್ನು ಕೇಳಿಬಿಟ್ಟೆ. ನನ್ನ ಸಿಟ್ಟಿನ ಬುಡದಲ್ಲಿ ಇದ್ದುದು ನ್ಯಾಯವಲ್ಲ, ಭಯ. ಚಾವಣಿ ಕುಸಿದ ಮೇಲೆಯೇ ನನಗೆ ಆ ಬರಹ ಓದಲು ಬಂತು.

ಮುಂದಿನ ಸಭೆಗೆ ಅವರ ಮನೆಗೇ ಹೋಗಿ ಕರೆದೆ. ಅದೇ ಹದಿನೈದು ಜನರ ಮುಂದೆ, ಅದೇ ಮೊಮ್ಮಗನ ಮುಂದೆ, ಆ ರಸೀದಿಯನ್ನು ತೋರಿಸಿ ಕ್ಷಮೆ ಕೇಳಿದೆ. ಉಪದೇಶಿಯವರು ಬಹಳ ಹೊತ್ತು ಸುಮ್ಮನಿದ್ದು, "ಹುಡುಗ ನೋಡ್ಯಾನ, ಸಾಕು" ಎಂದರು. ಬೀಗದ ಕೈಗಳನ್ನು ಅಂದು ತೆಗೆದುಕೊಳ್ಳಲಿಲ್ಲ. ಎರಡು ವಾರ ಬಿಟ್ಟು ತೆಗೆದುಕೊಂಡರು. ಕ್ಷಮೆ ಕೇಳಿದ ಕೂಡಲೇ ಎಲ್ಲವೂ ಮೊದಲಿನಂತೆ ಆಗಬೇಕೆಂಬುದೂ ಒಂದು ಅವಸರವೇ ಎಂದು ಆ ಎರಡು ವಾರ ನನಗೆ ಕಲಿಸಿತು.

ಬರೆಯದೆ ಬಿಟ್ಟ ಶಾಸನ

ಅಶೋಕನ ಕಥೆಯಲ್ಲೂ ಇಂಥ ಒಂದು ಜಾಗ ಇದೆ. ಪಟ್ಟಕ್ಕೆ ಬಂದು ಎಂಟು ವರ್ಷವಾದಾಗ ಅವನು ಕಳಿಂಗವನ್ನು ಗೆದ್ದ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು ಎಂದು ಅವನೇ ತನ್ನ 13ನೆಯ ಬಂಡೆ ಶಾಸನದಲ್ಲಿ ಬರೆಸಿ, ಅದಕ್ಕಾಗಿ ಮರುಗಿದ್ದಾನೆ. ಗೆದ್ದ ಅರಸನೊಬ್ಬ ತನ್ನ ಗೆಲುವಿಗಾಗಿ ದುಃಖಪಟ್ಟು ಕಲ್ಲಿನಲ್ಲಿ ಕೆತ್ತಿಸುವುದು ಸಣ್ಣ ಮಾತಲ್ಲ. ಆ ಮರುಕದಿಂದಲೇ ಅವನ ಆಡಳಿತದ ದಾರಿ ಬದಲಾಯಿತು.

ಆದರೆ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಆ 13ನೆಯ ಶಾಸನ ಇಲ್ಲ. ನಮ್ಮ ಸನ್ನತಿಯ ಕಲ್ಲಿನಲ್ಲೂ 12ರ ನಂತರ 14 ಬರುತ್ತದೆ. ನೊಂದ ಜನರ ಮುಂದೆ ಆ ಮಾತನ್ನು ಎತ್ತುವುದು ಬೇಡವೆಂದು ಬಿಟ್ಟಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ. ದೂರದವರಿಗೆ ಹೇಳಿದ ಪಶ್ಚಾತ್ತಾಪವನ್ನು, ನೋವು ತಿಂದವರ ಊರಿನಲ್ಲಿ ಕೆತ್ತಿಸಲಿಲ್ಲ. ಅಶೋಕನನ್ನು ತೂಗಲು ನಾನು ಯಾರು? ಕಲಬುರಗಿಯವರೆಗೆ ಹೋಗಿ ಹೇಳಿದ್ದನ್ನು ನಾಲ್ಕು ಮನೆ ಆಚೆ ಹೇಳಲಾರದೆ ಏಳು ತಿಂಗಳು ಕಳೆದವನು ನಾನು.

ಯೇಸುಸ್ವಾಮಿ ಇಲ್ಲಿಯೇ ನಮ್ಮನ್ನು ಒಂದು ಹೆಜ್ಜೆ ಮುಂದಕ್ಕೆ ಕರೆಯುತ್ತಾರೆ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗಲು ಹೇಳುತ್ತಾರೆ (ಮತ್ತಾಯ 5). ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡು ಸುಮ್ಮನಾಗಲಿಲ್ಲ. ಮೋಸ ಮಾಡಿದವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಎದ್ದು ನಿಂತು ಹೇಳಿದ (ಲೂಕ 19). ತನ್ನನ್ನು ತಾನು ಅರಿಯುವುದು ಮೊದಲ ಹೆಜ್ಜೆ. ಅರಿತದ್ದನ್ನು ನೊಂದವನ ಬಾಗಿಲಿಗೆ ಕೊಂಡೊಯ್ಯುವುದು ಎರಡನೆಯದು. ಎರಡನೆಯದಿಲ್ಲದೆ ಮೊದಲನೆಯದು ಬರೀ ಕನ್ನಡಿ ನೋಡಿಕೊಂಡಂತೆ.

ಪೇತ್ರನ ದಾರಿ

ಧರ್ಮಸಭೆಯ ಮೊದಲ ನಾಯಕನನ್ನು ಯೇಸು ಹೇಗೆ ಸಿದ್ಧಪಡಿಸಿದರು? ಎಲ್ಲರೂ ಬಿಟ್ಟು ಹೋದರೂ ನಾನು ಬಿಡುವುದಿಲ್ಲ ಎಂದು ಪೇತ್ರ ಎದೆ ತಟ್ಟಿಕೊಂಡ. ತನ್ನನ್ನು ತಾನು ಅರಿಯದವನ ಮಾತು ಅದು. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂಬ ಅರ್ಥದ ಮಾತನ್ನು ಯೇಸು ಅವನಿಗೆ ಹೇಳಿದರು (ಲೂಕ 22). ಆ ಕ್ರಮವನ್ನು ಗಮನಿಸಿರಿ. ಮೊದಲು ತಿರುಗುವುದು, ಆಮೇಲೆ ದೃಢಪಡಿಸುವುದು. ಕೋಳಿ ಕೂಗಿತು, ಪ್ರಭು ತಿರುಗಿ ನೋಡಿದರು, ಪೇತ್ರನ ಚಾವಣಿ ಕುಸಿಯಿತು. ಅವನು ಹೊರಗೆ ಹೋಗಿ ಅತ್ತ. ಪುನರುತ್ಥಾನದ ನಂತರ ಯೇಸು ಅವನನ್ನು ಕೆರೆಯ ದಡದಲ್ಲಿ ಕಂಡಾಗ, ನೀನು ಎಷ್ಟು ಬಲಶಾಲಿ ಎಂದು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ಕುರಿಗಳನ್ನು ಒಪ್ಪಿಸಿದರು (ಯೊವಾನ್ನ 21). ಬಿದ್ದು ಎದ್ದವನ ಕೈಗೆ ಮಂದೆಯನ್ನು ಕೊಟ್ಟರು. ಬಿದ್ದವರನ್ನು ಅವನು ತುಳಿಯಲಾರನೆಂಬುದು ಅವರಿಗೆ ಗೊತ್ತಿತ್ತು.

ನಮ್ಮ ಶಹಾಬಾದ್ ಪರಸಿ ಕಲ್ಲು ಹಾಸುವವರನ್ನು ಕೇಳಿ ನೋಡಿ. ಕಲ್ಲು ಎಷ್ಟೇ ಗಟ್ಟಿಯಿರಲಿ, ಅಡಿಯಲ್ಲಿ ಪೊಳ್ಳು ಉಳಿದರೆ ಒಂದು ದಿನ ಭಾರ ಬಿದ್ದಾಗ ಬಿರುಕು ಬಿಡುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಸಿಮೆಂಟ್ ಸವರಿದರೂ ಪ್ರಯೋಜನವಿಲ್ಲ. ಕಲ್ಲನ್ನು ಎತ್ತಿ, ಅಡಿಯ ಮಣ್ಣನ್ನು ತುಂಬಿ, ಮತ್ತೆ ಕೂರಿಸಬೇಕು. ನಾಯಕತ್ವವೂ ಹಾಗೆಯೇ.

ಪ್ರತಿ ರಾತ್ರಿ ಐದು ನಿಮಿಷ

ಸಂತ ಇಗ್ನೇಷಿಯಸ್ ಲೊಯೋಲಾರವರು ಕೀರ್ತಿಯ ಹಿಂದೆ ಓಡುತ್ತಿದ್ದ ಯೋಧರು. 1521ರಲ್ಲಿ ಪಾಂಪ್ಲೋನಾ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಅವರ ಕಾಲು ಮುರಿಯಿತು. ಹಾಸಿಗೆಯ ಮೇಲೆ ಬಿದ್ದಿದ್ದಾಗ ಅವರು ತಮ್ಮ ಮನಸ್ಸಿನ ಏರಿಳಿತಗಳನ್ನು ಗಮನಿಸಲು ಕಲಿತರು. ಅದರಿಂದಲೇ ದಿನನಿತ್ಯದ ಆತ್ಮಶೋಧನೆಯ ಕ್ರಮ ನಮಗೆ ದೊರೆಯಿತು. ಅದನ್ನು ಮನೆಯವರೆಲ್ಲ ಜಪಸರ ಮುಗಿದ ಮೇಲೆ ಐದು ನಿಮಿಷ ಮಾಡಬಹುದು. ಮೊದಲು, ಇಂದಿನ ದಿನದ ಒಳಿತಿಗಾಗಿ ದೇವರಿಗೆ ಕೃತಜ್ಞತೆ. ಎರಡನೆಯದು, ನನ್ನನ್ನು ನಾನು ಕಾಣುವಂತೆ ಪವಿತ್ರಾತ್ಮರ ಬೆಳಕನ್ನು ಬೇಡುವುದು. ಮೂರನೆಯದು, ಬೆಳಗಿನಿಂದ ಈವರೆಗಿನ ನನ್ನ ಮಾತು, ಕೆಲಸ, ಯೋಚನೆಗಳನ್ನು ಒಂದೊಂದಾಗಿ ನೋಡುವುದು. ನಾಲ್ಕನೆಯದು, ತಪ್ಪಿದ್ದಕ್ಕೆ ಕ್ಷಮೆ ಬೇಡುವುದು. ಐದನೆಯದು, ನಾಳೆ ಯಾರ ಬಳಿಗೆ ಹೋಗಬೇಕು, ಏನು ಸರಿಪಡಿಸಬೇಕು ಎಂದು ನಿರ್ಧರಿಸುವುದು.

ಪ್ರಿಯರೇ, ದಣಿವೂ ಆ ಏಳರಲ್ಲಿ ಒಂದು ಎಂಬುದನ್ನು ಮರೆಯಬೇಡಿ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ, ಖಣಿಯ ಬಿಸಿಲಿನಿಂದ ಬಂದ ತಾಯಿ ಮಕ್ಕಳ ಮೇಲೆ ಕೈ ಎತ್ತುವುದು ಅನೇಕ ಸಲ ದ್ವೇಷದಿಂದಲ್ಲ, ದಣಿವಿನಿಂದ. ಅಂಥ ಹೊತ್ತಿನಲ್ಲಿ ತೀರ್ಪು ಕೊಡಬೇಡಿ. ಎಲೀಯನಂತೆ ಉಂಡು ಮಲಗಿರಿ. ಬೆಳಿಗ್ಗೆ ಎದ್ದು ಮಾತನಾಡಿರಿ.

ಮನೆಯಲ್ಲಿ ಒಟ್ಟಾಗಿ ಚಿಂತಿಸಲು:

1. ಏಳು ದೋಷಗಳಲ್ಲಿ ನನ್ನದು ಯಾವುದು? ಇದಕ್ಕೆ ಉತ್ತರವನ್ನು ಮನೆಯವರನ್ನೇ ಕೇಳುವ ಧೈರ್ಯ ನನಗಿದೆಯೇ?

2. ನಾನು ದೇವರಲ್ಲಿ ಕ್ಷಮೆ ಬೇಡಿ, ಮನುಷ್ಯನಲ್ಲಿ ಬೇಡದೆ ಬಿಟ್ಟ ತಪ್ಪು ಯಾವುದು? ಅವರ ಮನೆ ಎಷ್ಟು ದೂರ?

3. ನನ್ನ ಸಿಟ್ಟಿನ ಬುಡದಲ್ಲಿ ಯಾವ ಭಯವಿದೆ?

ಪ್ರಾರ್ಥಿಸೋಣ: ಪ್ರಭು ಯೇಸುವೇ, ಪೇತ್ರನನ್ನು ತಿರುಗಿ ನೋಡಿದ ಹಾಗೆ ನಮ್ಮನ್ನೂ ನೋಡಿರಿ. ನಮ್ಮೊಳಗೆ ನಾವು ಓದದೆ ಬಿಟ್ಟ ಬರಹವನ್ನು ಚಾವಣಿ ಬೀಳುವ ಮೊದಲೇ ಓದಿಸಿರಿ. ನಮಗೆ ಒಪ್ಪಿಸಿದ ಚಿಕ್ಕವರು ನಮ್ಮ ಸಿಟ್ಟಿಗೂ ಅವಸರಕ್ಕೂ ಬಲಿಯಾಗದಿರಲಿ. ನಾವು ನೋಯಿಸಿದವರ ಬಾಗಿಲವರೆಗೆ ನಡೆಯುವ ಶಕ್ತಿಯನ್ನು ನಮ್ಮ ಕಾಲುಗಳಿಗೆ ಕೊಡಿರಿ. ಆಮೆನ್.